ಪರ್ಸಿಗೆ ಎಷ್ಟು ರೊಕ್ಕ? ಮುಂಬೈಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಊರಲ್ಲಿ ಇದಕ್ಕೆ ವ್ಯಾನಿಟಿ ಬ್ಯಾಗ್ ಅನ್ನುತ್ತಾರೆ. ಮುಂಬೈಗೆ ಬಂದರೆ ಅದೇ ‘ಪರ್ಸ್’. ಟಿಫಿನ್ ಡಬ್ಬಿ, ಛತ್ರಿ, ನೀರಿನ ಬಾಟಲಿ ಎಲ್ಲ ಹಿಡಿಯುವಷ್ಟು ದೊಡ್ಡದಿದ್ದರೂ ಪರ್ಸೇ. ನಾನು ಬೆಳಗಾವಿ ಜಿಲ್ಲೆಯ ಅಥಣಿಯವಳು. ಮದುವೆಯಾಗಿ ಡೊಂಬಿವಲಿಗೆ ಬಂದೆ, ಧಾರಾವಿಯ ಒಂದು ಬ್ಯಾಗ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದೆ. ಹೀಗಾಗಿ ಅರಿಶಿನ-ಕುಂಕುಮಕ್ಕೆ ಹೋದರೂ, ಲೋಕಲ್‌ನಲ್ಲಿ ನಿಂತರೂ ಯಾರಾದರೂ ತಮ್ಮ ಪರ್ಸನ್ನು ನನ್ನ ಮೂಗಿನ ಹತ್ತಿರ ಹಿಡಿದು ‘ಅಕ್ಕಾ, ಇದಕ್ಕ ಎಷ್ಟು ಕೊಟ್ಟಿರಬಹುದು, ಹೇಳ್ರಿ ನೋಡೋಣು’ ಅನ್ನುತ್ತಾರೆ. ಕೇಳಿದ್ದನ್ನೇ ಎಷ್ಟು ಸಲ ಹೇಳುವುದು? ಒಮ್ಮೆ ಬರೆದು ಹಾಕಿದ್ದೇನೆ.

ಸೀದಾ ಹೇಳ್ರಿ, ಒಂದು ಪರ್ಸಿಗೆ ಎಷ್ಟು ಕೊಡಬಹುದು?

ದಿನಾ ಲೋಕಲ್ ಹತ್ತುವವರಿಗೆ ನಾನು ಹೇಳುವುದು ಎರಡರಿಂದ ಐದು ಸಾವಿರ. ಅದಕ್ಕಿಂತ ಕೆಳಗೆ ಹೋದರೆ ವರ್ಷಕ್ಕೊಂದು ಕೊಳ್ಳುತ್ತೀರಿ. ಮೇಲೆ ಹೋದರೆ ಸುಮಾರು ಹತ್ತು-ಹನ್ನೆರಡು ಸಾವಿರದ ತನಕ ಚರ್ಮ, ಹೊಲಿಗೆ, ಬಕಲ್ ಎಲ್ಲ ಒಂದೊಂದು ಮೆಟ್ಟಿಲು ಏರುತ್ತವೆ. ಅದರಾಚೆ ಕೊಟ್ಟ ರೊಕ್ಕದ ದೊಡ್ಡ ಪಾಲು ಚೀಲಕ್ಕಲ್ಲ, ಹೆಸರಿಗೆ. ಹೆಸರು ಬೇಕೆನ್ನುವವರು ಕೊಡಲಿ, ತಪ್ಪೇನಿಲ್ಲ. ‘ಕ್ವಾಲಿಟಿ ಸಲುವಾಗಿ ತಗೊಂಡೆ’ ಅಂತ ನನ್ನ ಮುಂದೆ ಮಾತ್ರ ಹೇಳಬೇಡಿ.

ಇನ್ನೊಂದು. ನಾನು ಕಂಡಂತೆ ಯಾರೂ ಸಂಬಳ ನೋಡಿ ಪರ್ಸ್ ಕೊಳ್ಳುವುದಿಲ್ಲ. ಮನೆಗೆ ಬಂದು ಬಾಯಿಬಿಟ್ಟು ಹೇಳಬಹುದಾದ ಬೆಲೆ ಎಷ್ಟೋ ಅಷ್ಟಕ್ಕೆ ಕೊಳ್ಳುತ್ತಾರೆ. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಗೆಳತಿಯೊಬ್ಬಳು ಎರಡು ಸಾವಿರ ದಾಟಿದರೆ ಅಂಗಡಿಯಿಂದ ಎದ್ದು ಬರುತ್ತಾಳೆ, ಏಕೆಂದರೆ ಮನೆಯಲ್ಲಿ ಅತ್ತೆ ಕೇಳುತ್ತಾರೆ. ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಆಫೀಸೊಂದರಲ್ಲಿ ರಿಸೆಪ್ಷನಿಸ್ಟ್ ಆಗಿರುವ ನಮ್ಮ ಬಿಲ್ಡಿಂಗಿನ ಹುಡುಗಿ ಹದಿನಾಲ್ಕು ಸಾವಿರದ್ದನ್ನು ಕಂತಿನಲ್ಲಿ ತಗೊಂಡಳು. ಅವಳನ್ನು ಕೇಳುವವರು ಮನೆಯಲ್ಲಿಲ್ಲ, ನೋಡುವವರು ಆಫೀಸಿನಲ್ಲಿದ್ದಾರೆ.

ಮುಂಬೈಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ನಡೆಯುತ್ತದೆ?

ದಾದರ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಮುನ್ನೂರು-ನಾನೂರಕ್ಕೆ ರೆಕ್ಸಿನ್ ಪರ್ಸು ಸಿಗುತ್ತದೆ. ಬಾಂದ್ರಾದ ಲಿಂಕಿಂಗ್ ರೋಡ್, ಹಿಲ್ ರೋಡ್, ಕೊಲಾಬಾ ಕಾಸ್‌ವೇಗಳಲ್ಲಿ ಅದೇ ಮಾಲಿಗೆ ಎಂಟುನೂರು, ಸಾವಿರ ಹೇಳುತ್ತಾರೆ. ಅರ್ಧಕ್ಕೆ ಕೇಳಿ, ರೂಪಾಯಿಗೆ ಅರವತ್ತು ಪೈಸೆಯಂತೆ ಮುಗಿಸಿ.

ಬ್ರ್ಯಾಂಡ್ ಅಂದರೆ ಮೊದಲು ನಮ್ಮವೇ. 1990ರಲ್ಲಿ ಮುಂಬೈಯಲ್ಲೇ ಹುಟ್ಟಿದ ಬ್ಯಾಗಿಟ್ ಚರ್ಮವನ್ನೇ ಮುಟ್ಟುವುದಿಲ್ಲ. ಸಾವಿರದಿಂದ ಮೂರು ಸಾವಿರದೊಳಗೆ ಬಹಳಷ್ಟು ಸಿಗುತ್ತವೆ. ಲಾವಿ, ಕಾಪ್ರೀಸ್ ಕೂಡ ಹೆಚ್ಚುಕಡಿಮೆ ಅದೇ ಸಾಲಿನವು. 1978ರಲ್ಲಿ ಪುದುಚೇರಿಯಲ್ಲಿ ಶುರುವಾದ ಹೈಡಿಸೈನ್ ಚರ್ಮದ್ದು. ಐದರಿಂದ ಹತ್ತು ಸಾವಿರ, ಮೇಲೂ ಇವೆ.

ಅಲ್ಲಿಂದ ಮುಂದೆ ಮೆಟ್ಟಿಲಿಲ್ಲ, ಲಿಫ್ಟೇ. ಲೋವರ್ ಪರೇಲಿನ ಪಲಾಡಿಯಂ ಮಾಲ್, 2023ರ ನವೆಂಬರಿನಲ್ಲಿ ಬಿಕೆಸಿಯಲ್ಲಿ ತೆರೆದ ಜಿಯೋ ವರ್ಲ್ಡ್ ಪ್ಲಾಜಾ, ಫೋರ್ಟಿನ ಹಾರ್ನಿಮನ್ ಸರ್ಕಲ್‌ನಲ್ಲಿ 2011ರಿಂದ ಇರುವ ಫ್ರಾನ್ಸಿನ ಎರ್ಮೆಸ್ ಕಂಪನಿಯ ಅಂಗಡಿ. ಲಕ್ಷದ ಮಾತು ಇಲ್ಲಿ ಸಹಜ. ಹಾರ್ನಿಮನ್ ಸರ್ಕಲ್ಲಿನ ಆ ಕಲ್ಲಿನ ಕಟ್ಟಡದ ಮುಂದೆ ಹಾದುಹೋಗುವ ಆಫೀಸಿನ ಮಂದಿಯಲ್ಲಿ ಹೆಚ್ಚಿನವರು ಒಳಗೆ ಏನಿದೆ ಅಂತ ತಿರುಗಿಯೂ ನೋಡುವುದಿಲ್ಲ. ಅವರ ಗಮನವೆಲ್ಲ ಚರ್ಚ್‌ಗೇಟಿನ ಗಾಡಿಯ ಮೇಲೆ.

ಐದುನೂರರದ್ದಕ್ಕೂ ಐದು ಸಾವಿರದ್ದಕ್ಕೂ ವ್ಯತ್ಯಾಸ ಏನು? ನೋಡಲಿಕ್ಕೆ ಒಂದೇ ಅಲ್ಲವಾ?

ಅಂಗಡಿಯ ದೀಪದ ಕೆಳಗೆ ಒಂದೇ. ಹೊರಮೈ ನೋಡಬೇಡಿ. ಚೈನ್ ತೆರೆದು ಒಳಗೆ ಕೈ ಹಾಕಿ ಅಸ್ತರ್, ಅಂದರೆ ಒಳಗಿನ ಬಟ್ಟೆ, ಹಿಡಿದು ಎಳೆಯಿರಿ. ಅಗ್ಗದ ಮಾಲಿನಲ್ಲಿ ಅಸ್ತರ್ ತೆಳ್ಳಗೆ ಸರಸರ ಅನ್ನುತ್ತದೆ, ಮೂಲೆಯಲ್ಲಿ ಹೊಲಿಗೆಯ ಬದಲು ಗೋಂದು ಇರುತ್ತದೆ. ಆರು ತಿಂಗಳಲ್ಲಿ ಅದು ಹರಿದು, ನಿಮ್ಮ ಚಿಲ್ಲರೆ, ಪಿನ್ನು, ಲಿಪ್‌ಸ್ಟಿಕ್ ಎಲ್ಲ ಅಸ್ತರ್ ಮತ್ತು ಹೊರಮೈಯ ನಡುವೆ ಸೇರಿ ಬೇರೆ ಸಂಸಾರ ಹೂಡುತ್ತವೆ.

ಆಮೇಲೆ ರನ್ನರ್. ಚೈನಿನ ಮೇಲೆ ಓಡುವ ಆ ತುಂಡು. ಪರ್ಸ್ ಸಾಯುವುದು ಬಹಳ ಸಲ ಅಲ್ಲಿಯೇ. ಜಪಾನಿನ ವೈಕೆಕೆ ಕಂಪನಿಯ ರನ್ನರ್ ಹಾಕಿದರೆ ಒಂದು ಬ್ಯಾಗಿನ ಖರ್ಚು ಹತ್ತಿಪ್ಪತ್ತು ರೂಪಾಯಿ ಏರುತ್ತದೆ, ಅಷ್ಟೇ. ಆದರೆ ಐದುನೂರಕ್ಕೆ ಮಾರಬೇಕಾದವನಿಗೆ ಆ ಹತ್ತಿಪ್ಪತ್ತು ರೂಪಾಯಿಯೇ ಲಾಭ. ನಮ್ಮ ಕಾರ್ಖಾನೆಯಲ್ಲಿ ಮಾಲೀಕರು ಗಿರಾಕಿಯೊಂದಿಗೆ ರೇಟು ಕಡಿಮೆ ಮಾಡಿದ ದಿನ ನಾನು ಪುಸ್ತಕದಲ್ಲಿ ಮೊದಲು ನೋಡುತ್ತಿದ್ದದ್ದು ಚೈನಿನ ಬಿಲ್ಲನ್ನೇ. ಅದು ಬದಲಾಗಿರುತ್ತಿತ್ತು.

ಮೂರನೆಯದು ಪಟ್ಟಿಯ ಬುಡ. ಹೆಗಲ ಪಟ್ಟಿ ಚೀಲಕ್ಕೆ ಕೂಡುವ ಕಡೆ ಬರೀ ರಿವೆಟ್ ಹೊಡೆದಿದ್ದಾರೋ, ಚೌಕ ಹೊಲಿಗೆ ಹಾಕಿ ನಡುವೆ ಅಡ್ಡ ಹೊಲಿದಿದ್ದಾರೋ ನೋಡಿ. ಡೊಂಬಿವಲಿಯಿಂದ ಹೊರಡುವ ಫಾಸ್ಟ್ ಗಾಡಿಯಲ್ಲಿ ನಿಮ್ಮ ಪರ್ಸನ್ನು ನೀವೊಬ್ಬರೇ ಎಳೆಯುವುದಿಲ್ಲ, ನಾಲ್ಕು ಮಂದಿ ಎಳೆಯುತ್ತಾರೆ.

ಅಂಚನ್ನೂ ಬೆರಳಿನಿಂದ ಸವರಿ. ಚರ್ಮದ ಅಂಚನ್ನು ತೆಳ್ಳಗೆ ಸೀಳಿ ಒಳಕ್ಕೆ ಮಡಚಿ ಹೊಲಿಯುವುದು ಕಾರೀಗರನ ಸಮಯ ತಿನ್ನುವ ಕೆಲಸ. ಕತ್ತರಿಸಿ ಬಣ್ಣ ಬಳಿದುಬಿಡುವುದು ಸುಲಭ. ಬಣ್ಣ ಬಳಿಯುವುದರಲ್ಲೂ ಎರಡು-ಮೂರು ಕೈ ಹಾಕಿ ಉಜ್ಜಿದ್ದು ಬೇರೆ, ಒಂದು ಕೈ ಬಳಿದು ಒಣಗಿಸಿದ್ದು ಬೇರೆ. ಎರಡನೆಯದು ಬೇಸಿಗೆಗೆ ಬಿರಿಯುತ್ತದೆ.

ಚರ್ಮವೋ ರೆಕ್ಸಿನ್ನೋ ಹೇಗೆ ತಿಳಿಯುವುದು? ಲೈಟರ್ ಹಚ್ಚಿ ತೋರಿಸುತ್ತಾರಲ್ಲ?

ಲೈಟರ್ ಆಟಕ್ಕೆ ಮರುಳಾಗಬೇಡಿ. ಉರಿಯನ್ನು ಒಂದು ಕ್ಷಣ ಸವರಿ ತೆಗೆದರೆ ರೆಕ್ಸಿನ್ನೂ ಸುಡುವುದಿಲ್ಲ. ಒಳಗೆಲ್ಲಾದರೂ ಕತ್ತರಿಸಿದ ಅಂಚು ಕಂಡರೆ ನೋಡಿ: ಚರ್ಮಕ್ಕೆ ನಾರು ನಾರು ಇರುತ್ತದೆ, ರೆಕ್ಸಿನ್ನಿಗೆ ಹಿಂದೆ ಬಟ್ಟೆ ಅಂಟಿರುತ್ತದೆ. ‘ಬಾಂಡೆಡ್ ಲೆದರ್’ ಅಂದರೆ ಚರ್ಮದ ಚೂರುಪಾರು ಪುಡಿ ಮಾಡಿ ಅಂಟಿಸಿದ್ದು. ಚರ್ಮ ಅನ್ನುವ ಹೆಸರು ಅದರಲ್ಲಿದೆ, ಬಾಳಿಕೆ ಇಲ್ಲ.

ಮಳೆಗಾಲದಲ್ಲಿ ಹಾಳಾಗುತ್ತದೆ ಅಂದಮೇಲೆ ದುಬಾರಿಯದ್ದು ಯಾಕೆ ಕೊಳ್ಳಬೇಕು?

ಒಳ್ಳೆಯ ಪ್ರಶ್ನೆ. ಮುಂಬೈಯಲ್ಲಿ ಪರ್ಸಿನ ವಯಸ್ಸನ್ನು ವರ್ಷದಲ್ಲಿ ಎಣಿಸಬಾರದು, ಮಳೆಗಾಲದಲ್ಲಿ ಎಣಿಸಬೇಕು. ಅಥಣಿಯಲ್ಲಿ ಹತ್ತು ವರ್ಷ ಕೆಡದ ವಸ್ತು ಇಲ್ಲಿ ಮೂರು ಜೂನ್ ತಡೆಯುವುದಿಲ್ಲ.

ಚರ್ಮಕ್ಕೂ ರೆಕ್ಸಿನ್ನಿಗೂ ಬರುವ ರೋಗ ಬೇರೆ ಬೇರೆ. ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಗಾಬರಿಯಾಗುವುದು ಬೇಡ, ಒಣಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಟ್ಟರೆ ಹೋಗುತ್ತದೆ, ಚರ್ಮ ಉಳಿಯುತ್ತದೆ. ಬಿಸಿಲಿಗೆ ಇಡಬೇಡಿ, ಸೆಟೆದುಕೊಳ್ಳುತ್ತದೆ. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆಗಳನ್ನು ಎಸೆಯದೆ ಒಳಗೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನ ಮೇಲೆ ಎಸೆಯುವುದು ಎಲ್ಲರೂ ಮಾಡುವ ತಪ್ಪು. ಹಳೆಯ ದಿಂಬಿನ ಚೀಲ ಸಾಕು, ಗಾಳಿಯಾಡುತ್ತದೆ.

ರೆಕ್ಸಿನ್ನಿನ ರೋಗಕ್ಕೆ ಮದ್ದಿಲ್ಲ. ಈಗ ಪರ್ಸಿಗೆ ಬರುವ ಬಹಳಷ್ಟು ರೆಕ್ಸಿನ್ ಅಂದರೆ ಬಟ್ಟೆಯ ಮೇಲೆ ಪಾಲಿಯುರೆಥೇನ್ ಲೇಪ. ಗಾಳಿಯ ತೇವ ಆ ಲೇಪವನ್ನೇ ಒಳಗಿಂದ ಒಡೆಯುತ್ತದೆ. ಬಳಸದೆ ಕಪಾಟಿನಲ್ಲಿಟ್ಟರೂ ಸುಲಿಯುತ್ತದೆ. ನಮ್ಮ ವೈನಿ, ಅಂದರೆ ಅತ್ತಿಗೆ, ತಮ್ಮ ಮಗಳ ಮದುವೆಗೆಂದು ಕೊಂಡ ಬಂಗಾರ ಬಣ್ಣದ ಪರ್ಸನ್ನು ಎರಡು ವರ್ಷ ಜೋಪಾನ ಮಾಡಿ ಇಟ್ಟಿದ್ದರು. ಮದುವೆಯ ದಿನ ತೆಗೆದರೆ ಬಂಗಾರವೆಲ್ಲ ರೇಷ್ಮೆ ಸೀರೆಗೆ ಅಂಟಿತು. ಆದ್ದರಿಂದ ಅಗ್ಗದ ಪರ್ಸನ್ನು ಕೊಂಡ ದಿನದಿಂದ ಬಳಸಿ ಮುಗಿಸಿಬಿಡಿ, ಕೂಡಿಡುವ ವಸ್ತು ಅಲ್ಲ ಅದು. ಜೂನ್‌ನಿಂದ ಸೆಪ್ಟೆಂಬರಿಗೆ ನೈಲಾನಿನದು ಒಂದು ಬೇರೆ ಇಟ್ಟುಕೊಳ್ಳಿ. ನಾನು ಹಾಗೇ ಮಾಡುತ್ತೇನೆ.

ಧಾರಾವಿಗೆ ಹೋದರೆ ಅಗ್ಗವಾ?

ಹೋಗಬಹುದು. ಸಾಯನ್ ಸ್ಟೇಷನ್ನಿಗೆ ಸ್ಲೋ ಗಾಡಿ ಹಿಡಿಯಿರಿ, ಫಾಸ್ಟ್ ನಿಲ್ಲುವುದಿಲ್ಲ. ಸಾಯನ್-ಬಾಂದ್ರಾ ಲಿಂಕ್ ರೋಡಿನುದ್ದಕ್ಕೂ ಚರ್ಮದ ಅಂಗಡಿಗಳಿವೆ. ಮುಂಚೆ ಇಲ್ಲಿ ಚರ್ಮ ಹದ ಮಾಡುವುದೂ ಬಹಳ ನಡೆಯುತ್ತಿತ್ತು. ಈಗ ಹದವಾದ ಚರ್ಮ ಚೆನ್ನೈ, ಕಾನ್ಪುರ, ಕೋಲ್ಕತ್ತಾ ಕಡೆಯಿಂದ ಬರುತ್ತದೆ, ಇಲ್ಲಿ ಕತ್ತರಿಸಿ ಹೊಲಿಯುತ್ತಾರೆ. 2015ರಲ್ಲಿ ಮಹಾರಾಷ್ಟ್ರ ಎತ್ತು, ಹೋರಿಗಳ ವಧೆಯನ್ನೂ ನಿಷೇಧಿಸಿದ ಮೇಲೆ ಎಮ್ಮೆ, ಆಡು, ಕುರಿಯ ಚರ್ಮದ ಮೇಲೆಯೇ ಹೆಚ್ಚಿನ ಕೆಲಸ.

ಚರ್ಮದ ರೇಟು ಚದರಡಿ ಲೆಕ್ಕದಲ್ಲಿ. ಒಂದು ದೊಡ್ಡ ಹೆಗಲ ಚೀಲಕ್ಕೆ ಕತ್ತರಿಸುವಾಗ ಹಾಳಾಗುವುದೂ ಸೇರಿ ಏಳೆಂಟು ಅಡಿ ಬೇಕು. ಮಾಲ್‌ನಲ್ಲಿ ಏಳು ಸಾವಿರಕ್ಕೆ ಕಾಣುವಂಥದ್ದು ಇಲ್ಲಿ ಮೂರು-ಮೂರೂವರೆ ಸಾವಿರಕ್ಕೆ ಸಿಗುತ್ತದೆ. ಮಾಲ್‌ನವರು ಮೋಸ ಮಾಡುತ್ತಾರೆ ಅಂತಲ್ಲ. ಅಂಗಡಿ ಬಾಡಿಗೆ, ಜಾಹೀರಾತು, ಎಸಿ, ವಾಪಸು ಬಂದ ಮಾಲು ಎಲ್ಲ ಆ ಬೆಲೆಯೊಳಗೆ ಕೂತಿರುತ್ತವೆ. ಇಲ್ಲಿ ಬಿಲ್ ಕೇಳಿ ತಗೊಳ್ಳಿ, ಮತ್ತೆ ಬಂದರೆ ರಿಪೇರಿ ಮಾಡಿಕೊಡುತ್ತೀರಾ ಅಂತ ಮೊದಲೇ ಕೇಳಿ. ‘ಫಿಕ್ಸ್ ರೇಟ್’ ಬೋರ್ಡಿದ್ದ ಅಂಗಡಿಯಲ್ಲೂ ಎರಡು ತಗೊಂಡರೆ ಇಳಿಸುತ್ತಾರೆ.

ಎರಡು ಲಕ್ಷದ ಪರ್ಸಿನಲ್ಲಿ ಅಂಥದ್ದೇನಿದೆ?

ಇದನ್ನು ಕೇಳದವರಿಲ್ಲ. ಲೂಯಿ ವಿಟಾನ್‌ನ ಕಂದು ಮೈಯ ಮೇಲೆ ಅಕ್ಷರ, ಹೂವು ಇರುವ ಬ್ಯಾಗ್ ನೀವು ನೋಡಿರುತ್ತೀರಿ. ಆ ವಿನ್ಯಾಸ 1896ರದ್ದು. ಅದರ ಮೈ ಚರ್ಮವೇ ಅಲ್ಲ, ಲೇಪ ಹಾಕಿದ ಕ್ಯಾನ್ವಾಸ್ ಬಟ್ಟೆ. ಹಿಡಿ, ಪಟ್ಟಿಗಳಷ್ಟೇ ಚರ್ಮ. ಇದನ್ನು ಹೇಳಿದಾಗ ಒಬ್ಬಾಕೆ ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ. ಬಟ್ಟೆ ಗಟ್ಟಿಯೇ, ಮಳೆಗೂ ಒಳ್ಳೆಯದು, ಹೊಲಿಗೆ ನೇರ. ಅದನ್ನು ಅಲ್ಲಗಳೆಯುವುದಿಲ್ಲ.

2024ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನ್ಯಾಯಾಲಯ ಡಿಯೋರ್ ಬ್ಯಾಗು ಮಾಡಿಸುವ ಒಂದು ಘಟಕವನ್ನು ಸ್ವಲ್ಪ ಕಾಲ ತನ್ನ ಉಸ್ತುವಾರಿಗೆ ತೆಗೆದುಕೊಂಡಿತು. ಒಳಗುತ್ತಿಗೆಯ ಕಾರ್ಖಾನೆಗಳಲ್ಲಿ ಕೆಲಸಗಾರರನ್ನು ನಡೆಸಿಕೊಳ್ಳುವ ರೀತಿಯ ಬಗೆಗಿನ ತನಿಖೆ ಅದು. ಅಂಗಡಿಯಲ್ಲಿ 2,600 ಯೂರೊಗೆ ಮಾರುವ ಒಂದು ಬ್ಯಾಗನ್ನು ಜೋಡಿಸಲು ಅಂಥ ಒಂದು ಕಾರ್ಖಾನೆಗೆ ಕೊಟ್ಟದ್ದು 53 ಯೂರೊ ಎಂದು ತನಿಖೆಯ ಕಾಗದಪತ್ರಗಳಲ್ಲಿತ್ತು. ಚರ್ಮದ ಬೆಲೆ ಅದರಲ್ಲಿ ಸೇರಿಲ್ಲ, ನಿಜ. ಆದರೆ ಲೆಕ್ಕ ಬರೆಯುವವಳಿಗೆ ಆ ಒಂದು ಸಾಲು ಸಾಕು. ಧಾರಾವಿಯಲ್ಲಿ ಕಾರೀಗರನಿಗೆ ಒಂದು ಚೀಲಕ್ಕೆ ಇಷ್ಟು ಅಂತ ಕೊಡುವ ಪದ್ಧತಿಯೇ ಅಲ್ಲಿಯೂ ಇದೆ, ಸೊನ್ನೆಗಳಷ್ಟೇ ಬೇರೆ.

ಬೆಲೆ ಏರಿದಷ್ಟೂ ಕೊಳ್ಳುವವರು ಹಿಂದೆ ಸರಿಯಬೇಕಲ್ಲವೇ? ಶನೆಲ್‌ನ ಮಧ್ಯಮ ಅಳತೆಯ ಕ್ಲಾಸಿಕ್ ಫ್ಲಾಪ್ ಬ್ಯಾಗು 2019ರಲ್ಲಿ ಅಮೆರಿಕದಲ್ಲಿ ಆರು ಸಾವಿರ ಡಾಲರ್‌ ಒಳಗಿತ್ತು, 2024ರಲ್ಲಿ ಹತ್ತು ಸಾವಿರ ದಾಟಿತು. ಚೀಲ ಅದೇ, ಮುಚ್ಚಳ ಅದೇ, ಸರಪಳಿ ಅದೇ. ಅದರ ಮೂಲ ರೂಪಕ್ಕೆ 2.55 ಅಂತ ಹೆಸರು ಬಂದದ್ದು 1955ರ ಫೆಬ್ರವರಿಯಲ್ಲಿ ಹೊರಬಂದದ್ದಕ್ಕೆ. ಪಟ್ಟಿ ಹಾಕಿ ಹೆಗಲಿಗೇರಿಸಿ ಕೈ ಬಿಡುವು ಮಾಡಿಕೊಂಡದ್ದು ಅದರ ಹೆಚ್ಚುಗಾರಿಕೆ. ಇವತ್ತು ಲೇಡೀಸ್ ಡಬ್ಬಿಯಲ್ಲಿ ಎರಡು ಕೈಯಲ್ಲೂ ಹಿಡಿಕೆ ಹಿಡಿದು ನಿಂತಿರುವ ನಾವು ಅದಕ್ಕೊಂದು ನಮಸ್ಕಾರ ಹೇಳಬಹುದು.

ಬರ್ಕಿನ್ ಅಂದರೆ ಏನು? ಎಲ್ಲರೂ ಅದರದ್ದೇ ಮಾತಾಡ್ತಾರೆ.

1984ರಲ್ಲಿ ಪ್ಯಾರಿಸ್ಸಿನಿಂದ ಲಂಡನ್ನಿಗೆ ಹೋಗುವ ವಿಮಾನದಲ್ಲಿ ನಟಿ, ಗಾಯಕಿ ಜೇನ್ ಬರ್ಕಿನ್ ಅವರ ಚೀಲದಿಂದ ಸಾಮಾನು ಚೆಲ್ಲಿತು. ಪಕ್ಕದಲ್ಲಿ ಕೂತಿದ್ದವರು ಎರ್ಮೆಸ್ ಕಂಪನಿಯ ಮುಖ್ಯಸ್ಥ ಜ್ಯಾಂ-ಲೂಯಿ ಡ್ಯುಮಾ. ಚಿಕ್ಕ ಮಕ್ಕಳ ತಾಯಿಗೆ ಬೇಕಾದ ಚೀಲ ಸಿಗುವುದೇ ಇಲ್ಲ ಅಂತ ಆಕೆ ಗೊಣಗಿದರು, ವಿಮಾನದ ವಾಂತಿ ಚೀಲದ ಮೇಲೆ ಚಿತ್ರ ಮೂಡಿತು. ಎರ್ಮೆಸ್ ಮಾರುವ ಬರ್ಕಿನ್ ಬ್ಯಾಗು ಹೀಗೆ ಹುಟ್ಟಿದ್ದು. ಆಕೆಗೆಂದು ಮಾಡಿದ ಮೊಟ್ಟಮೊದಲ ಬ್ಯಾಗು 2025ರ ಜುಲೈನಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು 86 ಲಕ್ಷ ಯೂರೊಗೆ, ನಮ್ಮ ಲೆಕ್ಕದಲ್ಲಿ ಎಂಬತ್ತೈದು ಕೋಟಿಯ ಆಸುಪಾಸಿಗೆ ಹೋಯಿತು. ಗೀಚುಬಿದ್ದ, ಕಲೆಯಾದ, ಸ್ಟಿಕರ್ ಅಂಟಿಸಿದ ಗುರುತಿರುವ ಹಳೇ ಚೀಲ. ಹೀಗೆ ಕಲೆಯಾದ ಪರ್ಸು ನಾವು ಹಿಡಿದರೆ ‘ಹೊಸದು ತಗೋಬಾರದೇನವಾ’ ಅನ್ನುತ್ತಾರೆ.

ಬ್ಯಾಗೂ ಬಂಗಾರದ ಹಾಗೆ ಹೂಡಿಕೆಯಂತೆ, ಹೌದಾ?

ಎರ್ಮೆಸ್‌ನ ಬರ್ಕಿನ್, ಕೆಲಿ ಇಂಥ ಕೆಲವನ್ನು ಅಂಗಡಿಯ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡಿದವರಿದ್ದಾರೆ. ಏಕೆಂದರೆ ಅಂಗಡಿಗೆ ಹೋಗಿ ಕೇಳಿದ ಕೂಡಲೇ ಅವನ್ನು ಕೊಡುವುದಿಲ್ಲ. ಉಳಿದವು ಅಂಗಡಿಯ ಬಾಗಿಲು ದಾಟಿದೊಡನೆ ಇಳಿಯುತ್ತವೆ. ಮಾರಲು ಹೋದರೆ ಪೆಟ್ಟಿಗೆ ಎಲ್ಲಿ, ರಸೀದಿ ಎಲ್ಲಿ, ಈ ಮೂಲೆ ಯಾಕೆ ಸವೆದಿದೆ ಅಂತ ನೂರೆಂಟು ಕೇಳುತ್ತಾರೆ.

ಬಂಗಾರವನ್ನು ಯಾರೂ ಹಾಗೆ ಕೇಳುವುದಿಲ್ಲ. ಸವೆದ ಬಳೆಯನ್ನು ತಕ್ಕಡಿಗೆ ಹಾಕಿ ತೂಕಕ್ಕೆ ರೊಕ್ಕ ಎಣಿಸುತ್ತಾರೆ. 2025ರಲ್ಲಿ ಹತ್ತು ಗ್ರಾಂ ಬಂಗಾರ ಒಂದು ಲಕ್ಷ ದಾಟಿದಾಗ ಮಾಟುಂಗಾದಲ್ಲಿ ಹೂವು ಕೊಳ್ಳುತ್ತಿದ್ದ ಹೆಂಗಸರೂ ಅದರದ್ದೇ ಮಾತು. ಪರ್ಸಿನ ಬೆಲೆ ಏರಿತು ಅಂತ ಹಾಗೆ ಮಾತಾಡಿದವರನ್ನು ನಾನು ನೋಡಿಲ್ಲ. ನಮ್ಮವರು ಚೀಲಕ್ಕೆ ರೊಕ್ಕ ಹಾಕಲು ಹಿಂಜರಿಯುವುದು ಜಿಪುಣತನದಿಂದಲ್ಲ. ಅಡ ಇಡಲಾಗದ ವಸ್ತುವಿಗೆ ಲಕ್ಷ ಕೊಡುವ ಅಭ್ಯಾಸ ನಮಗಿಲ್ಲ. ನನಗಂತೂ ಆ ಅಭ್ಯಾಸ ಆಗುವುದೂ ಬೇಡ.

ಫಸ್ಟ್ ಕಾಪಿ ತಗೊಂಡರೆ ಏನಾಗುತ್ತದೆ?

ಫಸ್ಟ್ ಕಾಪಿ ಅಂದರೆ ದೊಡ್ಡ ಬ್ರ್ಯಾಂಡಿನ ಹೆಸರು ಹಾಕಿದ ನಕಲಿ ಮಾಲು. ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ ಪ್ರಕಾರ ನಕಲಿ ಮಾಡುವವರಿಗೂ ಮಾರುವವರಿಗೂ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದ ತನಕ ದಂಡ ಇದೆ. ಇಟಲಿ, ಫ್ರಾನ್ಸುಗಳಲ್ಲಿ ನಕಲಿ ಕೊಂಡವರಿಗೂ ದಂಡ ಬೀಳಬಹುದು. ಹನಿಮೂನಿಗೆ ಹೋಗುವವರು ಗಮನಿಸಿ.

ಕಾನೂನು ಬಿಟ್ಟು ಹೇಳುವುದಾದರೆ, ಆರು ಸಾವಿರ ಕೊಟ್ಟು ಫಸ್ಟ್ ಕಾಪಿ ಕೊಳ್ಳುವವರು ನನಗೆ ಅರ್ಥವಾಗುವುದಿಲ್ಲ. ಅಷ್ಟೇ ರೊಕ್ಕಕ್ಕೆ ಅಸಲಿ ಚರ್ಮದ್ದು, ಗ್ಯಾರಂಟಿ ಇರುವ ನಮ್ಮದೇ ಬ್ರ್ಯಾಂಡು ಬರುತ್ತದೆ. ಇನ್ನು, ವಿರಾರ್ ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುವ ಕೈಯಲ್ಲಿ ಶನೆಲ್ ಕಂಡರೆ ಎದುರಿನವರು ಏನು ತಿಳಿಯುತ್ತಾರೆ? ಅಸಲಿಯೇ ಆಗಿದ್ದರೂ ನಕಲಿ ಅಂತಲೇ.

ಮನೆಯಲ್ಲಿ ಯಾವ ಬೆಲೆ ಹೇಳಬೇಕು?

ಇದು ನನ್ನ ವಿಷಯವಲ್ಲ. ಆದರೂ ಕೇಳುತ್ತೀರಿ. ಅನುಭವದ ಮೇಲೆ ಹೇಳುವುದಾದರೆ, ಅತ್ತೆಗೆ ಅರ್ಧ, ಗೆಳತಿಯರಿಗೆ ಒಂದೂವರೆ ಪಟ್ಟು, ಗಂಡನಿಗೆ ಬ್ಯಾಂಕಿನ ಮೆಸೇಜು ಹೋಗುತ್ತದೆ, ಹೇಳುವುದೇ ಬೇಕಾಗಿಲ್ಲ. ನಮ್ಮ ಅವ್ವನಿಗೆ ಒಮ್ಮೆ ಎರಡು ಸಾವಿರದ್ದನ್ನು ಐದುನೂರು ಅಂತ ಹೇಳಿದೆ. ‘ಛಲೋ ಐತಿ, ನನಗೂ ನಿನ್ನ ತಂಗಿಗೂ ಎರಡು ತಂದುಕೊಡು’ ಅಂದಳು. ತಂದುಕೊಟ್ಟೆ. ಅವಳಿಂದ ಸಾವಿರ ಇಸಕೊಂಡೆ.

ದೊಡ್ಡ ಬೆಲೆಯದ್ದಕ್ಕೆ ತೆರಿಗೆ, ಪ್ಯಾನ್ ಏನಾದರೂ ಬೇಕಾ?

ಒಂದು ಖರೀದಿ ಎರಡು ಲಕ್ಷ ದಾಟಿದರೆ ಪ್ಯಾನ್ ಕೊಡಬೇಕು. ಎರಡು ಲಕ್ಷ ಮತ್ತು ಮೇಲಿನದ್ದನ್ನು ಅಂಗಡಿಯವರು ನಗದಾಗಿ ತೆಗೆದುಕೊಳ್ಳುವಂತಿಲ್ಲ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ಮೀರಿದ ಕೈಚೀಲಕ್ಕೆ ಶೇಕಡಾ 1 ತೆರಿಗೆಯನ್ನು ಮಾರುವವರೇ ಕೊಳ್ಳುವವರಿಂದ ವಸೂಲಿ ಮಾಡಬೇಕು ಅಂತಾಗಿದೆ. ವಾಚು, ತಂಪು ಕನ್ನಡಕ, ಬೂಟು, ಪಂದ್ಯದ ಕುದುರೆ ಇವೂ ಅದೇ ಪಟ್ಟಿಯಲ್ಲಿವೆ. ರಿಟರ್ನ್ ತುಂಬುವಾಗ ಅದನ್ನು ಲೆಕ್ಕಕ್ಕೆ ಹಿಡಿದುಕೊಳ್ಳಬಹುದು.

ಗಂಡಸರು?

ಲ್ಯಾಪ್‌ಟಾಪ್ ಬ್ಯಾಗು ಆಫೀಸಿನವರೇ ಕೊಡುತ್ತಾರೆ. ಅದು ಹರಿದರೂ ಬಿಡುವುದಿಲ್ಲ. ಮುಂದಿನ ಪ್ರಶ್ನೆ.

ನಮ್ಮ ಕಡೆಯ ಚರ್ಮದ ಕೆಲಸಕ್ಕೆ ಅಷ್ಟು ಬೆಲೆ ಯಾಕೆ ಬರುವುದಿಲ್ಲ?

ಅಥಣಿಯವಳನ್ನು ಕೇಳುವ ಪ್ರಶ್ನೆ ಇದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಗಂಡಸರ ಕಾಲಿಗೆ ಕೊಲ್ಹಾಪುರಿಯಂಥ ಚಪ್ಪಲಿ ತೊಡಿಸಿತು, ಎಲ್ಲಿಯದು ಅಂತ ಮೊದಲಿಗೆ ಹೇಳಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. 2019ರಲ್ಲಿ ಆ ಚಪ್ಪಲಿಗೆ ಜಿಐ ಮಾನ್ಯತೆ (ಇದು ಈ ಸೀಮೆಯದೇ ಅನ್ನುವ ಸರಕಾರಿ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದ್ದವು. ಇದನ್ನು ಮುಂಬೈಯಲ್ಲಿ ಎಷ್ಟು ಮಂದಿಗೆ ಹೇಳಿದ್ದೇನೋ ಲೆಕ್ಕವಿಲ್ಲ, ಕೊಲ್ಹಾಪುರಿ ಅಂದರೆ ಕೊಲ್ಹಾಪುರದ್ದೇ ಅಂತ ವಾದಿಸುತ್ತಾರೆ. 2025ರ ಡಿಸೆಂಬರಿನಲ್ಲಿ ಪ್ರಾಡಾ, ಎರಡೂ ರಾಜ್ಯಗಳ ಕುಶಲಕರ್ಮಿಗಳಿಂದ ಎರಡು ಸಾವಿರ ಜೋಡಿ ಮಾಡಿಸುವುದಾಗಿ ಹೇಳಿತು. ಬೆಲೆ ಜೋಡಿಗೆ ಸುಮಾರು 800 ಯೂರೊ.

ನಮ್ಮೂರಿನಲ್ಲಿ ಸಾವಿರ-ಎರಡು ಸಾವಿರಕ್ಕೆ ಒಳ್ಳೆಯ ಜೋಡು ಬರುತ್ತದೆ. ಅದಕ್ಕೂ ಚೌಕಾಸಿ ಮಾಡುವವರನ್ನು ನೋಡಿದ್ದೇನೆ. ಅವರ ಹೆಗಲ ಮೇಲೆ ಫಿಕ್ಸ್ ರೇಟಿನ ಪರ್ಸು ಇರುತ್ತಿತ್ತು.

ನಿಮ್ಮ ಹತ್ತಿರ ಇರುವುದು ಯಾವುದು?

ಕಂದು ಬಣ್ಣದ ಎಮ್ಮೆ ಚರ್ಮದ್ದು. ಕಾರ್ಖಾನೆ ಬಿಡುವಾಗ ಅಲ್ಲಿಯ ಹಿರಿಯ ಕಾರೀಗರರು ಹೊಲಿದುಕೊಟ್ಟದ್ದು. ಅಜ್ಜಿಯ ಎಲೆಯಡಿಕೆ ಸಂಚಿಯ ಹಾಗೆ ಒಳಗೆ ನಾಲ್ಕು ಗೂಡು ಬೇಕು ಅಂದಿದ್ದೆ. ಅವರು ಬಿಹಾರದವರು, ಸಂಚಿ ನೋಡಿದವರಲ್ಲ. ಕಾಗದ ಮಡಚಿ ತೋರಿಸಿದೆ. ರೊಕ್ಕ ಎಷ್ಟು ಅಂದರೆ ತಗೊಳ್ಳಲಿಲ್ಲ. ಹೀಗಾಗಿ ಅದರ ಬೆಲೆ ಕೇಳಿದವರಿಗೆ ನನ್ನಲ್ಲಿ ಉತ್ತರವಿಲ್ಲ.

ಹಳೆಯದನ್ನು ಏನು ಮಾಡಲಿ?

ರನ್ನರ್ ಹೋಗಿದ್ದರೆ, ಪಟ್ಟಿ ಕಿತ್ತಿದ್ದರೆ ಸ್ಟೇಷನ್ನಿನ ಹೊರಗೆ ಚಪ್ಪಲಿ ಹೊಲಿಯುವವರಿಗೆ ಕೊಡಿ, ಐವತ್ತು-ನೂರರಲ್ಲಿ ಎರಡು ವರ್ಷ ಓಡುತ್ತದೆ. ರೆಕ್ಸಿನ್ ಸುಲಿಯಲು ಶುರುವಾಗಿದ್ದರೆ ಬಿಟ್ಟುಬಿಡಿ. ಕೊಡುವ ಮುಂಚೆ ಹಿಂದಿನ ಚೈನಿನ ಗೂಡು, ಅಸ್ತರಿನ ಹರಕು ಎರಡರೊಳಗೂ ಕೈ ಹಾಕಿ. ನಾನು ಹೋದ ದೀಪಾವಳಿಗೆ ಕಪಾಟು ತೆಗೆದಾಗ ಒಂದು ಹಳೇ ಕರಿ ಪರ್ಸಿನ ಅಸ್ತರಿನೊಳಗೆ ನಾಲ್ಕು ಮಡಿಕೆಯಾಗಿ ಕೂತಿದ್ದ ಐದುನೂರರ ನೋಟು ಸಿಕ್ಕಿತು. 2016ರಲ್ಲಿ ರದ್ದಾದದ್ದು.